ಗೂಡಿನಲ್ಲಿಟ್ಟ ಬನ್ನಿ

ನಮ್ಮ ಅಪ್ಪ ಯಾರಿಗೂ ಉತ್ತರ ಹೇಳಿಕೊಡುತ್ತಿರಲಿಲ್ಲ. ಬ್ಯಾಡಗಿಯ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರರಾಗಿದ್ದು, ನಿವೃತ್ತರಾದ ಮೇಲೆ ಮನೆಯ ಪಡಸಾಲೆಯಲ್ಲೇ ಬೆಳಗಿನ ಪಾಠ ಶುರು ಮಾಡಿದ್ದರು. ಎಸ್ಸೆಸ್ಸೆಲ್ಸಿ ಮಕ್ಕಳು ಹಾಲಿನವನಿಗಿಂತ ಮೊದಲೇ ಬಂದು ಚಾಪೆ ಬಿಚ್ಚಿ ಕೂರುತ್ತಿದ್ದರು. ಗೋಡೆಗೆ ಕಪ್ಪು ಬಣ್ಣ ಬಳಿದು ಮಾಡಿದ ಹಲಗೆಯ ಮೇಲೆ ಅಪ್ಪ ಒಂದೇ ಒಂದು ಲೆಕ್ಕ ಬರೆದು, ತಂಬಿಗೆ ಹಿಡಿದು ಅಂಗಳಕ್ಕೆ ಹೋಗಿಬಿಡುತ್ತಿದ್ದರು. ದಾಸವಾಳಕ್ಕೆ ನೀರು ಹಾಕುವುದು, ಪೇಪರ್ ಓದುವುದು, ಓಣಿಯಲ್ಲಿ ಹೋಗಿ ಬರುವವರನ್ನು ಮಾತಾಡಿಸುವುದು, ಇದೇ ಅವರ ಪಾಠ. ಲೆಕ್ಕ ಬಿಡಿಸಿದವರು ಬಾಯಿ ಬಿಡುವ ಹಾಗಿಲ್ಲ. ಪಾಟಿ ಹಿಡಿದುಕೊಂಡು ಅಂಗಳಕ್ಕೆ ಹೋಗಿ ತೋರಿಸಬೇಕು. ಸರಿಯಿದ್ದರೆ ಅಪ್ಪ ತಲೆಯಾಡಿಸುತ್ತಿದ್ದರು, ಇಲ್ಲವಾದರೆ "ಇನ್ನೊಂದ ಸಲ ನೋಡು" ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚಿನ ಮಾತು ಅವರ ಬಾಯಿಂದ ಹೊರಡಿಸಿದ ಮಗುವನ್ನು ನಾನು ನೋಡಿಲ್ಲ.

ಹೈಸ್ಕೂಲಿನ ಮಕ್ಕಳ ಕೈಗೆ ಪಾಟಿ ಕೊಡುತ್ತಾರಲ್ಲ ಎಂದು ಓಣಿಯವರು ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು. ಅಪ್ಪ ಮಾತ್ರ ಜಗ್ಗಲಿಲ್ಲ. "ಪಾಟಿ ಮ್ಯಾಲಿಂದು ಒರಸಿದ್ರ ಹೋಗತೈತಿ. ಆಮ್ಯಾಲೆ ತಲ್ಯಾಗ ಎಷ್ಟು ಉಳಿತೈತೋ ಅಷ್ಟ ನಿಂದು" ಎನ್ನುತ್ತಿದ್ದರು.

ಅವರ ಮಗಳಾಗಿಯೂ ನಾನು ಗಣಿತದಲ್ಲಿ ಅಷ್ಟಕ್ಕಷ್ಟೆ. ಜೀವಶಾಸ್ತ್ರ ಓದಿ, ಹಾವೇರಿಯ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿ, ದಿನಾ ಬ್ಯಾಡಗಿಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಅಪ್ಪನ ಗಣಿತಕ್ಕೆ ವಾರಸುದಾರ ಯಾರಾದರೂ ಇದ್ದರೆ ಅವನು ಮೋಟೆಬೆನ್ನೂರಿನ ಒಬ್ಬ ಹುಡುಗ. ಹೈಸ್ಕೂಲಿನಿಂದಲೇ ಅಪ್ಪನ ಶಿಷ್ಯ. ಲೆಕ್ಕ ಎಲ್ಲರಿಗಿಂತ ಮೊದಲು ಅವನಿಗೇ ಬರುತ್ತಿತ್ತು. ಆದರೆ ಪಾಟಿಯನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು, ಇನ್ನೂ ಯೋಚಿಸುತ್ತಿರುವವನಂತೆ ಕೂತಿರುತ್ತಿದ್ದ. ಮೊದಲೇ ಎದ್ದು ಹೋದರೆ ಉಳಿದವರು ಗಾಬರಿಯಾಗಿ ತಪ್ಪುತ್ತಾರೆ ಎಂದು ಅವನ ಲೆಕ್ಕಾಚಾರ. ಇದನ್ನು ಕಂಡುಹಿಡಿದ ದಿನ ಅಪ್ಪ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದ್ದರು: "ಅವ ಮಾಸ್ತರ ಆಗ್ತಾನ ನೋಡು. ಲೆಕ್ಕ ಬರೋದು ದೊಡ್ಡ ಮಾತಲ್ಲ, ಬಂದಿದ್ದನ್ನ ತಡಕೊಂಡು ಕುಂದ್ರೋದು ದೊಡ್ಡದು." ನನ್ನ ಬಗ್ಗೆ ಅಪ್ಪ ಅಂಥ ಮಾತು ಆಡಿದ್ದು ನೆನಪಿಲ್ಲ. ಹೊಟ್ಟೆಕಿಚ್ಚು ಆಗುತ್ತಿತ್ತು, ಈಗಲೂ ಸ್ವಲ್ಪ ಇದೆ.

ಹುಡುಗ ಬಿ.ಎಸ್ಸಿ. ಮುಗಿಸಿದ, ಬಿ.ಎಡ್. ಸೇರಿದ. ಆದರೂ ಮೋಟೆಬೆನ್ನೂರಿನಿಂದ ಸೈಕಲ್ ತುಳಿದುಕೊಂಡು ಬೆಳಗಿನ ಪಾಠಕ್ಕೆ ಬರುವುದನ್ನು ಬಿಡಲಿಲ್ಲ. ಈಗ ಚಾಪೆಯ ಮೇಲಲ್ಲ, ಅಪ್ಪನ ಪಕ್ಕದಲ್ಲಿ. ಬಾಗಿಲ ಪಕ್ಕದ ದೀಪದ ಗೂಡಿನಲ್ಲಿ ಸೀಮೆಸುಣ್ಣ ಇಡುವುದು, ತೆಗೆಯುವುದು ಅವನ ಅಧಿಕಾರವಾಗಿತ್ತು.

ಊರಿಗೆ ಇಂಟರ್‌ನೆಟ್ ಸೆಂಟರುಗಳು ಬಂದ ಕಾಲ ಅದು, ಎರಡು ಸಾವಿರದ ಆರರ ಆಸುಪಾಸು. ಹರೆಯದವರೆಲ್ಲ ಗೆಳೆಯರನ್ನು ಕೂಡಿಸುವ ಒಂದು ಜಾಲತಾಣದ ಹುಚ್ಚು ಹತ್ತಿಸಿಕೊಂಡಿದ್ದರು. ಅಲ್ಲಿ ಪ್ರತಿಯೊಬ್ಬರಿಗೂ ಒಂದು ಪುಟ. ಒಬ್ಬರ ಪುಟದಲ್ಲಿ ಇನ್ನೊಬ್ಬರು ಬರೆದು ಹೋಗುವ ಸಾಲಿಗೆ ಸ್ಕ್ರ್ಯಾಪ್ ಎನ್ನುತ್ತಿದ್ದರು. ಸ್ವಂತ ಹೆಸರು, ಸ್ವಂತ ಮುಖ ಹಾಕುವವರು ಕಡಿಮೆ. ಯಾವನೋ ಸಿನಿಮಾ ನಾಯಕನ ಫೋಟೊ, ಎಂಥದೋ ಬಿರುದು. ನಮ್ಮ ಓಣಿಯ ಕಿರಾಣಿ ಅಂಗಡಿಯ ಹುಡುಗ ಅಲ್ಲಿ 'ಡೇಂಜರ್ ಬಾಯ್' ಆಗಿದ್ದ. ಅವನು ಬೆಲ್ಲ ತೂಗುವುದನ್ನು ನೋಡಿದಾಗಲೆಲ್ಲ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಮೋಟೆಬೆನ್ನೂರಿನ ಹುಡುಗ ಆ ತಾಣದಲ್ಲಿ ಗಣಿತದ ಒಂದು ಬಳಗ ಕಟ್ಟಿದ. ಯಾರು ಬೇಕಾದರೂ ಸೇರಬಹುದಾದ ಬಳಗ. ಅಪ್ಪನ ಲೆಕ್ಕಗಳನ್ನೆಲ್ಲ ಒಂದೊಂದಾಗಿ ಬಿಡಿಸಿ, ಹೆಜ್ಜೆ ಹೆಜ್ಜೆಯಾಗಿ ಅಲ್ಲಿ ಹಾಕಿದ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ವಿವರಣೆ ಕೊಟ್ಟ. ಹಾವೇರಿ, ರಾಣೆಬೆನ್ನೂರಿನ ಮಕ್ಕಳೆಲ್ಲ ಬಂದು ಸೇರಿಕೊಂಡರು. "ಥ್ಯಾಂಕ್ಸ್ ಅಣ್ಣಾ" ಎನ್ನುವ ಸಾಲುಗಳು ಒಂದರ ಕೆಳಗೊಂದು. ನಾನೂ ಹಾವೇರಿಯ ಸೆಂಟರಿನಲ್ಲಿ ಒಮ್ಮೆ ನೋಡಿ ಮೆಚ್ಚಿಕೊಂಡಿದ್ದೆ. ಅಪ್ಪನಿಗೆ ಮಾತ್ರ ಇದರ ಗಂಧಗಾಳಿ ಇರಲಿಲ್ಲ. ದಸರೆಗೆ ಹೇಳಿ ಅವರನ್ನು ಖುಷಿಪಡಿಸಬೇಕು ಎಂದು ಹುಡುಗನ ಆಸೆ.

ಗೊತ್ತಾದದ್ದು ಅದಕ್ಕೂ ಮೊದಲೇ, ಒಂದು ಬೆಳಿಗ್ಗೆ. ಅಪ್ಪ ಲೆಕ್ಕ ಬರೆದು ಅಂಗಳಕ್ಕಿಳಿದು ಒಂದು ಗಿಡಕ್ಕೂ ನೀರು ಹಾಕಿರಲಿಲ್ಲ, ಮಕ್ಕಳೆಲ್ಲ ಪಾಟಿ ಹಿಡಿದು ಹಿಂದೆ ಸಾಲಾಗಿ ನಿಂತಿದ್ದರು. ಅಪ್ಪನ ಮುಖ ಅರಳಿತು. ಮೊದಲ ಪಾಟಿ ನೋಡಿದರು, ಎರಡನೆಯದು ನೋಡಿದರು, ಆಮೇಲೆ ತಂಬಿಗೆ ಕೆಳಗಿಟ್ಟರು. ಎಲ್ಲರದೂ ಒಂದೇ ಉತ್ತರ, ಅದೂ ತಪ್ಪು. ನಡುವಿನ ಒಂದು ಸಾಲಿನಲ್ಲಿ ಕೂಡಿಸುವ ಚಿಹ್ನೆ ಇರಬೇಕಾದಲ್ಲಿ ಎಲ್ಲರೂ ಕಳೆಯುವ ಚಿಹ್ನೆ ಹಾಕಿದ್ದರು. ಹುಡುಗ ಅವಸರದಲ್ಲಿ ಟೈಪ್ ಮಾಡುತ್ತಲೇ ಬಿಡಿಸುವಾಗ ಆದ ತಪ್ಪು, ಅಲ್ಲಿಂದ ಮುಂದಿನ ಸಾಲುಗಳೂ ತಪ್ಪಿದ್ದವು. ಅಪ್ಪನ ಲೆಕ್ಕಗಳು ವರ್ಷ ವರ್ಷವೂ ಅವೇ, ಅದೇ ಸರದಿಯಲ್ಲಿ. ಮಕ್ಕಳು ನಾಳೆಯ ಲೆಕ್ಕವನ್ನು ಇವತ್ತೇ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು.

ಹುಡುಗ ಮುಚ್ಚಿಡಲಿಲ್ಲ. ನಗುತ್ತಲೇ, ತಾನೇ ಹಾಕಿದ್ದು ಎಂದ. ತಾಣ ಏನು, ಬಳಗ ಏನು, ಎಲ್ಲ ವಿವರಿಸಿದ. ಅಪ್ಪ ಕೊನೆಯವರೆಗೂ ಕೇಳಿಸಿಕೊಂಡರು.

"ನೀ ಇವರಿಗೆ ಗಣಿತ ಕೊಟ್ಟಿಲ್ಲೋ ತಮ್ಮಾ. ಇವರ ಕಡಿಂದ ಕಸಗೊಂಡಿ" ಎಂದರು.

"ಸರ್, ಕಾಗಿನೆಲ್ಯಾಗ ಒಂದು ಹುಡುಗಿ ಅದಾಳ್ರಿ. ಸಂತಿಗೆ ಬಂದಾಗ ಇಲ್ಲಿ ಸೆಂಟರ್‌ನ್ಯಾಗ ಪ್ರಿಂಟ್ ತಗಸ್ಕೊಂಡು ಹೋಗ್ತಾಳ. ಇಷ್ಟು ಲಗೂ ಮುಂಜಾನಿ ಆಕಿಗೆ ಬಸ್ಸಿಲ್ಲ. ನಿಮ್ಮ ಪಡಸಾಲಿ ಇಲ್ಲಿಗೆ ಬಂದವರಿಗಷ್ಟ ಐತ್ರಿ. ಬರಾಕ ಆಗದವರು ಏನ ಮಾಡಬೇಕ್ರಿ?"

"ಉತ್ತರ ಓದಿ ಆಕಿ ಏನ ಮಾಡ್ತಾಳ?"

"ಏನೂ ಇಲ್ಲದ್ದಕ್ಕಿಂತ ಛಲೋ ಅಲ್ರಿ?"

ಮಕ್ಕಳ ಎದುರಿಗೆ ಎದುರು ಮಾತು. ಅಪ್ಪನಿಗೆ ಅದು ಹೊಸದು. ಅವರ ಕಿವಿ ಕೆಂಪಾಯಿತು. "ನಾಳಿಂದ ನೀ ಬರಬ್ಯಾಡ" ಎಂದುಬಿಟ್ಟರು. ಹುಡುಗ ಕೈಯಲ್ಲಿದ್ದ ಸೀಮೆಸುಣ್ಣವನ್ನು ಗೂಡಿನಲ್ಲಿಟ್ಟು, ಅವ್ವನಿಗೆ "ಬರ್ತೇನ್ರೀ" ಎಂದು ಹೇಳಿ ಸೈಕಲ್ ಹತ್ತಿದ. ಅವತ್ತೇ ಆ ಬಳಗವನ್ನೂ, ತನ್ನ ಹೆಸರಿನ ಪುಟವನ್ನೂ ಅಳಿಸಿಹಾಕಿದನೆಂದು ಆಮೇಲೆ ಮಕ್ಕಳಿಂದ ತಿಳಿಯಿತು. ಬಿ.ಎಡ್. ಮುಗಿಸಿ ರಾಣೆಬೆನ್ನೂರಿನಲ್ಲಿ ತನ್ನದೇ ಟ್ಯೂಷನ್ ಶುರು ಮಾಡಿದ. ಬ್ಯಾಡಗಿಗೂ ರಾಣೆಬೆನ್ನೂರಿಗೂ ಎಷ್ಟು ದೂರ? ರೈಲಿನಲ್ಲಿ ಕೂತು ಒಂದು ಚಹಾ ಕುಡಿಯುವಷ್ಟರಲ್ಲಿ ಬಂದುಬಿಡುತ್ತದೆ. ಅವನು ಮಾತ್ರ ಬರಲಿಲ್ಲ.

ಇಬ್ಬರಲ್ಲಿ ಯಾರು ಸರಿ ಎಂದು ನನ್ನನ್ನು ಕೇಳಿದರೆ ಇವತ್ತಿಗೂ ಹೇಳಲಾರೆ. ಇಬ್ಬರೂ ಸರಿ ಎನ್ನಿಸಿದಾಗ ಇನ್ನೂ ಹೆಚ್ಚು ಸಿಟ್ಟು ಬರುತ್ತದೆ.

ನಮ್ಮ ಕಡೆ ಇಂಥ ಜಗಳಗಳಿಗೆಲ್ಲ ಒಂದು ದಿನ ಇದೆ. ದಸರೆಯ ಸಂಜೆ ಸಣ್ಣವರು ದೊಡ್ಡವರ ಮನೆಗೆ ಹೋಗಿ, ಕೈಗೆ ಬನ್ನಿ ಎಲೆ ಕೊಟ್ಟು, ಕಾಲಿಗೆ ಬೀಳುತ್ತಾರೆ. ದೊಡ್ಡವರು ತಮ್ಮ ಕೈಯ ಎಲೆಯನ್ನು ತಿರುಗಿ ಕೊಟ್ಟು "ಬಂಗಾರದಂಗಿರು" ಎನ್ನುತ್ತಾರೆ. ಅಷ್ಟಾದರೆ ಮುಗಿಯಿತು. ಅಲ್ಲಿಯವರೆಗಿನ ಜಗಳವನ್ನು ಮತ್ತೆ ಯಾರೂ ಎತ್ತುವ ಹಾಗಿಲ್ಲ. ಯಾರು ತಪ್ಪು ಮಾಡಿದ್ದು ಎಂದು ಕೇಳುವ ಹಾಗೂ ಇಲ್ಲ. ಹೊಲದ ಬದುವಿಗಾಗಿ ವರ್ಷಗಟ್ಟಲೆ ಮುಖ ತಿರುಗಿಸಿದ ಅಣ್ಣತಮ್ಮಂದಿರು ಅವತ್ತು ಮಾತಾಡಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಸಣ್ಣವರೇ ಬರಬೇಕು, ಕೈಯಲ್ಲೇ ಕೊಡಬೇಕು.

ಜಗಳವಾದ ವರ್ಷದ ದಸರೆಗೆ ಅಪ್ಪ ಬಿಳಿ ಧೋತರ ಉಟ್ಟು ಪಡಸಾಲೆಯಲ್ಲಿ ಕೂತರು. ಹಳೆಯ ಶಿಷ್ಯರು ಸಾಲುಸಾಲಾಗಿ ಬಂದರು, ಹೋದರು. ಓಣಿ ಖಾಲಿಯಾದ ಮೇಲೂ ಅಪ್ಪ ಏಳಲಿಲ್ಲ. ಅವ್ವ ಒಳಗಿನಿಂದ, "ಅವ ಬರೂದಿಲ್ರಿ. ಉಣ್ಣಾಕ ಬರ್ರಿ" ಎಂದಳು. ಅಪ್ಪ ಹರಿವಾಣದಿಂದ ಬನ್ನಿಯ ಒಂದು ಎಸಳು ತೆಗೆದು ಸೀಮೆಸುಣ್ಣದ ಗೂಡಿನಲ್ಲಿಟ್ಟರು. "ನಾಳೆ ಬಂದ್ರ ಇರ್ಲಿ" ಎಂದರು. ನಾಳೆಯೂ ಬರಲಿಲ್ಲ.

"ನೀವ ಒಮ್ಮೆ ರಾಣೆಬೆನ್ನೂರಿಗೆ ಹೋಗಿಬರ್ರಿ. ಏನ ಆಗತೈತಿ?" ಎಂದಳು ಅವ್ವ.

"ನಾ ಹೋದ್ರ ಅವನ ಮರ್ಯಾದಿ ಹೋಗತೈತಿ. ಮಾಸ್ತರನ್ನ ಮನಿಬಾಗಿಲಿಗೆ ತರಿಸಿದ ಅಂತಾರ ಮಂದಿ. ಅವನ ಬರ್ಲಿ."

ಆ ಮಾತಿನಲ್ಲಿ ಅಪ್ಪನ ಹಮ್ಮು ಎಷ್ಟಿತ್ತು, ಹುಡುಗನ ಮೇಲಿನ ಕಾಳಜಿ ಎಷ್ಟಿತ್ತು, ನನಗೆ ತಿಳಿಯಲಿಲ್ಲ.

ಕೆಲವು ತಿಂಗಳ ಮೇಲೆ, ಒಂದು ಭಾನುವಾರ, ನಾನು ಇಂಟರ್‌ನೆಟ್ ಸೆಂಟರಿಗೆ ಹೊರಟಾಗ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಬಂದರು. "ಅದೇನೋ ಐತೆಲ್ಲ, ಹುಡುಗರು ಬರ್ಕೊಂತಾರಲ್ಲ, ಅದನ್ನ ತೋರ್ಸು" ಎಂದರು. ನನಗೆ ಆಶ್ಚರ್ಯವೋ ಆಶ್ಚರ್ಯ. ಸೆಂಟರಿನಲ್ಲಿ ಎರಡು ಕುರ್ಚಿ ಜೋಡಿಸಿ ಕೂತೆವು. ಅವರ ಪೂರ್ತಿ ಹೆಸರಿನಲ್ಲೇ ಒಂದು ಪುಟ ತೆರೆದೆ. ಫೋಟೊಕ್ಕೆ ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಕೂತ ಚಿತ್ರ. ಆ ಇಡೀ ತಾಣದಲ್ಲಿ ಅಷ್ಟು ಗಂಭೀರವಾದ ಮುಖ ಇನ್ನೊಂದು ಇರಲಿಕ್ಕಿಲ್ಲ.

ಪುಟ ತಯಾರಾಗುತ್ತಿದ್ದಂತೆ ಅಪ್ಪ ಕೇಳಿದ ಮೊದಲ ಪ್ರಶ್ನೆ: "ಹೆಸರು ಹಾಕಿ ಹುಡುಕಬಹುದೇನು?" ನಾನು ಹೌದೆಂದೆ. ಅವರು ಒಂದೇ ಬೆರಳಿನಿಂದ, ಅಕ್ಷರ ಹುಡುಕಿ ಹುಡುಕಿ, ಮೋಟೆಬೆನ್ನೂರಿನ ಹುಡುಗನ ಹೆಸರು ಒತ್ತಿದರು. ಅದೇ ಹೆಸರಿನ ಯಾರ್ಯಾರೋ ಬಂದರು, ಅವನು ಬರಲಿಲ್ಲ. ಬೇರೆ ರೀತಿ ಒತ್ತಿ ನೋಡಿದರು. ಅದರಲ್ಲೂ ಇಲ್ಲ. ಅವನು ತನ್ನ ಪುಟ ಅಳಿಸಿದ್ದು ನಮಗೆ ಗೊತ್ತಿತ್ತು, ಮತ್ತೆ ತೆರೆದಿರಬಹುದು ಎಂಬ ಆಸೆ ಅಪ್ಪನದು. ಅವರು ಸೆಂಟರಿಗೆ ಬಂದದ್ದು ಯಾಕೆ ಎಂದು ನನಗೆ ಆಗ ಹೊಳೆಯಿತು.

ಅವನು ಸಿಗದಿದ್ದರೂ ಉಳಿದವರೆಲ್ಲ ಸಿಕ್ಕರು. ಸರ್ ಬಂದಿದ್ದಾರೆ ಎಂಬ ಸುದ್ದಿ ಹಬ್ಬಿ, ಗೆಳೆಯರಾಗುತ್ತೇವೆ ಎಂಬ ವಿನಂತಿಗಳು ಬಂದು ಬಿದ್ದವು. ಗದಗಿನ ಬ್ಯಾಂಕಿನಲ್ಲಿರುವವನು, ಹಲಗೇರಿಯಲ್ಲಿ ಒಕ್ಕಲುತನ ಮಾಡುವವನು, ಬೀಜದ ಕಂಪನಿಯಲ್ಲಿರುವವಳು, ಪೊಲೀಸಾದವನು. ಯಾರೆಂದು ಗೊತ್ತಿರಲಿ ಬಿಡಲಿ, ಅಪ್ಪ ಎಲ್ಲರಿಗೂ ಹೂಂ ಎಂದರು. "ಬಾಗಲಕ್ಕ ಬಂದವರಿಗೆ ಇಲ್ಲ ಅನಬಾರದು" ಎನ್ನುತ್ತಿದ್ದರು. ವಾರಕ್ಕೊಮ್ಮೆ ಸೆಂಟರಿಗೆ ಹೋಗುವುದು ರೂಢಿಯಾಯಿತು. ಇಂಗ್ಲಿಷ್ ಅಕ್ಷರದ ಕನ್ನಡಕ್ಕೆ ಮೊದಮೊದಲು ಮುಖ ಸಿಂಡರಿಸಿದವರು ಆಮೇಲೆ ತಾವೂ ಹಾಗೆಯೇ ಒತ್ತತೊಡಗಿದರು.

ಇಷ್ಟೇ ಆಗಿದ್ದರೆ ನಾನು ಇದನ್ನು ಮರೆತುಬಿಡುತ್ತಿದ್ದೆನೇನೋ. ಅಪ್ಪ ಅಲ್ಲಿ ಲೆಕ್ಕ ಹಾಕಲು ಶುರು ಮಾಡಿದರು. ಬರೀ ಲೆಕ್ಕ, ಉತ್ತರವಿಲ್ಲ. ಮಕ್ಕಳು ತಮ್ಮ ಉತ್ತರ ಬರೆದು ಕಳಿಸಿದರೆ ಅಲ್ಲಿಯೂ "ಇನ್ನೊಂದ ಸಲ ನೋಡು" ಎಂದೇ ಬರೆಯುತ್ತಿದ್ದರು. ಕಾಗಿನೆಲೆಯ ಆ ಹುಡುಗಿ, ಆಗ ಪಿಯುಸಿಗೆ ಬಂದಿದ್ದಳು, ತಾನಾಗಿಯೇ ಬಂದು ಪರಿಚಯ ಹೇಳಿಕೊಂಡಳು. ಸಂತೆಯ ದಿನ ಲೆಕ್ಕ ಇಳಿಸಿಕೊಂಡು, ಮುಂದಿನ ಸಂತೆಗೆ ಉತ್ತರ ಕಳಿಸುತ್ತಿದ್ದಳು. ಒಂದು ಲೆಕ್ಕವನ್ನು ಅಪ್ಪ ಎಂದೂ ಯೋಚಿಸಿರದ ದಾರಿಯಲ್ಲಿ ಬಿಡಿಸಿ ಕಳಿಸಿದಾಗ ಅವರು ಸೆಂಟರಿನಲ್ಲೇ ಎದ್ದು ನಿಂತುಬಿಟ್ಟರು. ಮನೆಗೆ ಬರುವ ದಾರಿಯಲ್ಲಿ ನಿಧಾನವಾಗಿ ಹೇಳಿದರು:

"ಅವ ಹೇಳಿದ್ದು ಖರೇ ಇತ್ತು ನೋಡವಾ. ಈ ಹುಡುಗಿ ನಮ್ಮ ಪಡಸಾಲಿಗೆ ಯಾವತ್ತೂ ಬರ್ತಿದ್ದಿಲ್ಲ."

"ಹಂಗಾರ ಅವಗ ಹೇಳ್ರಿ ಅಪ್ಪಾ. ಫೋನ್ ನಂಬರ್ ತರಸ್ತೇನಿ."

"ಫೋನಿನ್ಯಾಗ ಹೇಳೂ ಮಾತಲ್ಲ ಅದು. ಬನ್ನಿಗೆ ಬರ್ಲಿ, ಕೈಯಾಗ ಎಲಿ ಕೊಟ್ಟು ಹೇಳ್ತೇನಿ."

ಆ ದಸರೆಗೆ ಒಂದು ಹೊಸ ರೂಢಿ ಶುರುವಾಯಿತು. ಬನ್ನಿ ಎಲೆಯ ಚಿತ್ರ ಹಾಕಿ, ಕೆಳಗೆ ನಮಸ್ಕಾರ ಬರೆದು, ಸ್ಕ್ರ್ಯಾಪ್ ಕಳಿಸುವುದು. ಮನೆಗೆ ಬರುವವರು ಅರ್ಧಕ್ಕರ್ಧ ಕಡಿಮೆಯಾದರು. ಪುಟದಲ್ಲಿ ಮಾತ್ರ ಬನ್ನಿಯ ರಾಶಿ. ಹಬ್ಬದ ಮಾರನೆಯ ದಿನ ಅಪ್ಪನನ್ನು ಸೆಂಟರಿಗೆ ಕರೆದುಕೊಂಡು ಹೋದೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಒಂದೇ ಬೆರಳಿನಲ್ಲಿ, "ಬಂಗಾರದಂಗಿರು ತಮ್ಮಾ", "ಬಂಗಾರದಂಗಿರವಾ" ಎಂದು ಬರೆದರು. ಎಲ್ಲರಿಗಿಂತ ಮೊದಲು ಕಳಿಸಿದವನ ಹೆಸರು 'ಚಿಲ್ಲಿ ಕಿಂಗ್' ಎಂದಿತ್ತು. ಕಪ್ಪು ಕನ್ನಡಕದ ಸಿನಿಮಾ ನಾಯಕನ ಫೋಟೊ.

"ಇವ ಯಾರವಾ, ಚಿಲ್ಲಿ ಕಿಂಗ?"

"ಮೆಣಸಿನಕಾಯಿ ಮಾರ್ಕೆಟ್ ಇರೋ ಊರು. ಓಣಿಗೊಬ್ಬ ಕಿಂಗ್ ಇರ್ತಾನ್ರಿ."

ಇಬ್ಬರೂ ನಕ್ಕೆವು. ಅಪ್ಪ ಅವನಿಗೂ ಬರೆದರು, ಬಂಗಾರದಂಗಿರು ತಮ್ಮಾ. ಮನೆಗೆ ಬಂದು ನೋಡಿದರೆ ಗೂಡಿನಲ್ಲಿ ಹಳೆಯ ಎಸಳಿನ ಪಕ್ಕ ಹೊಸದೊಂದು ಬಂದಿತ್ತು. ಹಿಂದಿನ ಸಂಜೆಯೂ ಅಪ್ಪ ಓಣಿ ಖಾಲಿಯಾಗುವವರೆಗೆ ಕೂತಿದ್ದರು.

ಮರುವರ್ಷವೂ ಹಾಗೆಯೇ. ಚಿಲ್ಲಿ ಕಿಂಗ್‌ನ ಬನ್ನಿ ಎಲ್ಲರಿಗಿಂತ ಮೊದಲು. ಅಪ್ಪನ ಆಶೀರ್ವಾದ ಅವನಿಗೂ. ಗೂಡಿನಲ್ಲಿ ಇನ್ನೊಂದು ಎಸಳು. ಅವ್ವ ಕಸ ಹೊಡೆಯುವಾಗ, ದೀಪ ಹಚ್ಚುವಾಗ ಅವುಗಳನ್ನು ಜೋಪಾನವಾಗಿ ಬದಿಗೆ ಸರಿಸುತ್ತಿದ್ದಳು. "ಒಣಗಿ ಗರಿಗರಿ ಆಗ್ಯಾವು. ಇನ್ನೂ ಎಷ್ಟ ವರ್ಷ ಇಡ್ತೀರಿ?" ಎಂದು ಗೊಣಗುತ್ತಿದ್ದಳು, ಎಸೆಯುತ್ತಿರಲಿಲ್ಲ.

ಆ ದಸರೆಯಾಗಿ ಮೂರ್ನಾಲ್ಕು ತಿಂಗಳಿಗೆ, ಮೆಣಸಿನಕಾಯಿ ಸುಗ್ಗಿಯಲ್ಲಿ, ಅಪ್ಪ ಎದೆ ನೋವೆಂದು ಹಲಗೆಯ ಕೆಳಗೆ ಕೂತರು. ಹಾವೇರಿಗೆ ಕರೆದುಕೊಂಡು ಹೋದೆವು. ತಿರುಗಿ ಜೀವಂತ ಬರಲಿಲ್ಲ.

ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯ ಗಾಳಿಯಲ್ಲೇ ಘಾಟು. ಕಿಟಕಿ ಮುಚ್ಚಿದರೂ ಸೀನು, ಕೆಮ್ಮು, ಕಣ್ಣಲ್ಲಿ ನೀರು. ಮಾತಾಡಿಸಲು ಬಂದವರೆಲ್ಲ ಸೆರಗಿನಲ್ಲಿ, ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಯಾರು ಅಪ್ಪನಿಗಾಗಿ ಅತ್ತರು, ಯಾರು ಘಾಟಿಗೆ ಅತ್ತರು ಎಂದು ಹೇಳುವುದು ಕಷ್ಟವಿತ್ತು. ಮೋಟೆಬೆನ್ನೂರಿನ ಹುಡುಗ ಬಂದದ್ದು ಆ ಜನ ಕಡಿಮೆಯಾದ ಮೇಲೆ. ರಾಣೆಬೆನ್ನೂರಿನಲ್ಲಿ ಸುದ್ದಿ ತಡವಾಗಿ ತಿಳಿಯಿತಂತೆ. ಈಗ ಅವನು ಹುಡುಗನೂ ಅಲ್ಲ. ಮೀಸೆ ಬಿಟ್ಟಿದ್ದ, ಇಸ್ತ್ರಿ ಅಂಗಿ ತೊಟ್ಟಿದ್ದ, ಮಾಸ್ತರಿಕೆಯ ಗತ್ತು ಮೈಗೆ ಹತ್ತಿತ್ತು. ಅಪ್ಪನ ಫೋಟೊಕ್ಕೆ ಕೈಮುಗಿದು, ಆಮೇಲೆ ಚಾಪೆಯ ಮೇಲೆ, ಹಿಂದೆ ಕೂರುತ್ತಿದ್ದ ಜಾಗದಲ್ಲೇ ಕೂತ. ನನಗೆ ಅವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು. ಇಷ್ಟು ಹತ್ತಿರದಿಂದ ಬರಲು ಇಷ್ಟು ವರ್ಷ ಬೇಕಾಯಿತೇ ಎಂದು ಕೇಳುವವಳಿದ್ದೆ.

ಅವನೇ ಮಾತು ತೆಗೆದ. "ಒಂದ ಸಮಾಧಾನ ಅಕ್ಕಾರ. ಸರ್ ಮನಸಿನ್ಯಾಗ ನನ್ನ ಮ್ಯಾಲೆ ಏನೂ ಇಟ್ಕೊಳ್ಳಿಲ್ಲ. ಎರಡೂ ವರ್ಷ ನನ್ನ ಬನ್ನಿ ತಗೊಂಡ್ರು. ಬಂಗಾರದಂಗಿರು ಅಂದ್ರು."

"ಎಲ್ಲಿ ಕೊಟ್ಟಿ ನೀ ಬನ್ನಿ?" ಎಂದೆ.

"ಸ್ಕ್ರ್ಯಾಪ್‌ನ್ಯಾಗ್ರಿ. ಚಿಲ್ಲಿ ಕಿಂಗ್ ಅಂತ ಇತ್ತಲ್ರಿ, ಅದು ನಾನ."

ಕಪ್ಪು ಕನ್ನಡಕದ ಆ ಫೋಟೊ ನೋಡಿ ಅಪ್ಪನೂ ನಾನೂ ನಕ್ಕಿದ್ದು ನೆನಪಾಯಿತು.

ಅವನು ಹೇಳುತ್ತ ಹೋದ. ನಾಚಿಕೊಂಡರೆ ಮುಖ ಕೆಂಪಾಗುತ್ತದೆಂದು ಹೈಸ್ಕೂಲಿನಿಂದಲೇ ಹುಡುಗರು ಇಟ್ಟ ಹೆಸರಂತೆ. ಜೊತೆಗೆ ಕಲಿತವರಿಗೆಲ್ಲ ಗೊತ್ತಂತೆ. ಸರ್ ಆ ತಾಣಕ್ಕೆ ಬಂದಿದ್ದಾರೆಂದು ತಿಳಿದಾಗ ಮತ್ತೆ ಒಂದು ಪುಟ ತೆರೆದನಂತೆ. ಸ್ವಂತ ಹೆಸರು ಹಾಕಿದರೆ ಎಲ್ಲಿ ಬೇಡ ಅಂದುಬಿಡುತ್ತಾರೋ ಎಂದು ಹೆದರಿ ಈ ಹೆಸರು ಹಾಕಿದನಂತೆ. ಒಳಗಡೆ ತನ್ನ ಫೋಟೊಗಳು, ಊರು, ಶಾಲೆ ಎಲ್ಲ ಇದ್ದವಂತೆ. "ಸರ್ ಏನೂ ಪೂರ್ತಿ ನೋಡದ ಬಿಡೂದಿಲ್ಲಲ್ರಿ. ಲೆಕ್ಕದ ಕೊನೀ ಸಾಲಿನ ತನಕ ನೋಡೂ ಮನಿಷ್ಯಾ. ನೋಡಿ, ಗುರ್ತು ಹಿಡದ, ತಮ್ಮಾ ಅಂದಾರ ಅಂತ ಎಷ್ಟು ಖುಷಿ ಆತು ಗೊತ್ತೇನ್ರಿ."

ಅಪ್ಪನಿಗೆ ಆ ಫೋಟೊದ ಮೇಲೆ ಒತ್ತಿದರೆ ಒಳಗೊಂದು ಪುಟ ತೆರೆಯುತ್ತದೆ ಎಂಬುದೇ ಗೊತ್ತಿರಲಿಲ್ಲ. ಬಂದ ಸಾಲು ಓದುವುದು, ಉತ್ತರ ಬರೆಯುವುದು, ಅಷ್ಟೇ ಅವರು ಕಲಿತದ್ದು. ಪಕ್ಕದಲ್ಲೇ ಕೂತಿದ್ದ ನಾನೂ ಅದನ್ನು ತೆರೆದು ನೋಡುವ ಗೋಜಿಗೆ ಹೋಗಿರಲಿಲ್ಲ. 'ತಮ್ಮಾ' ಎಂದು ಅವರು ಹಾಲಿನವನಿಗೂ ಅನ್ನುತ್ತಿದ್ದರು.

"ಆಮ್ಯಾಲಾದ್ರೂ ಒಮ್ಮೆ ಮನಿಗೆ ಬರಬೇಕಿತ್ತು" ಎಂದಳು ಅವ್ವ.

"ಬನ್ನಿ ಆದಮ್ಯಾಲೆ ಮತ್ತ ಹಳೇ ಮಾತು ತಗೀಬಾರದಲ್ರಿ ಅವ್ವಾರ. ಮುಖಾ ತೋರಸಾಕ ನಾಚಿಕಿನೂ ಇತ್ತು. ಅಲ್ಲಿ ಆದ್ರ ಮುಖಾ ಬೇಕಾಗಿದ್ದಿಲ್ಲ." ನನ್ನ ಕಡೆ ತಿರುಗಿದ. "ಸರ್ ನನ್ನ ಸುದ್ದಿ ಏನರೆ ತಗೀತಿದ್ರೇನ್ರಿ?"

"ತಗೀತಿದ್ರು" ಎಂದೆ. "ಚಿಲ್ಲಿ ಕಿಂಗ್ ಅಂದ್ರ ನಮ್ಮ ಹುಡುಗನ ಅಂತಿದ್ರು."

ಸುಳ್ಳು ಹೇಳಿದೆ, ಹೇಳಬೇಕೆನಿಸಿತು. ಅವನ ಮುಖ ಕೆಂಪಾಗುವುದನ್ನು ಮೊದಲ ಸಲ ಅವತ್ತು ಸರಿಯಾಗಿ ಗಮನಿಸಿದೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಸ್ಕ್ರ್ಯಾಪೂ ಗೊತ್ತಿಲ್ಲ, ಕಿಂಗೂ ಗೊತ್ತಿಲ್ಲ. ಅಪ್ಪ ಪ್ರತಿ ದಸರೆ ಯಾರ ದಾರಿ ಕಾಯುತ್ತ ಕೂತಿದ್ದರು ಎಂಬುದಷ್ಟೇ ಗೊತ್ತು.

ಚಹಾ ಕುಡಿದು ಎದ್ದ. ಚಪ್ಪಲಿ ಮೆಟ್ಟಿ, ಹೊರಡುವ ಮುಂಚೆ, ಹಳೆಯ ರೂಢಿಯಂತೆ ಬಾಗಿಲ ಪಕ್ಕದ ಗೂಡಿಗೆ ಕೈ ಹಾಕಿದ. ಸೀಮೆಸುಣ್ಣದ ತುಂಡು ಅಲ್ಲೇ ಇದೆಯೇ ಎಂದು ನೋಡಿದನೇನೋ. ಕೈಗೆ ಸಿಕ್ಕಿದ್ದು ಒಣಗಿದ ಎಸಳುಗಳು.

"ಇವೇನ್ರಿ?"

ನಾನು ಏನಾದರೂ ಹೇಳುವಷ್ಟರಲ್ಲಿ ಅವ್ವ ಹೇಳಿಬಿಟ್ಟಳು. "ನಿನ್ನವಪಾ. ಪ್ರತಿ ಹಬ್ಬಕ್ಕ ಒಂದ ಎಸಳು ಎತ್ತಿ ಇಡ್ತಿದ್ರು. ನೀ ಬಂದ್ರ ಕೊಡಾಕ."

ಅವನು ಎಸಳುಗಳನ್ನು ಬೆಳಕಿಗೆ ಹಿಡಿದು ನೋಡಿದ. ಜಗಳವಾದ ವರ್ಷದ್ದು ಪೂರ್ತಿ ಕಂದು ಬಣ್ಣಕ್ಕೆ ತಿರುಗಿತ್ತು. ಕಳೆದ ದಸರೆಯದು ಇನ್ನೂ ಸ್ವಲ್ಪ ಹಸಿರಿತ್ತು. ಗಣಿತ ಬಲ್ಲವನು, ಲೆಕ್ಕ ಅವನಿಗೆ ಎಲ್ಲರಿಗಿಂತ ಮೊದಲೇ ಬರುತ್ತಿತ್ತು. ಈ ಸಲ ಅದನ್ನು ಮಡಿಲಲ್ಲಿ ಬೋರಲು ಹಾಕಿಕೊಂಡು ಕೂರಲು ಆಗಲಿಲ್ಲ.

"ಸರ್‌ಗೆ ಗೊತ್ತಿದ್ದಿಲ್ಲ. ಹೌದಲ್ರಿ ಅಕ್ಕಾರ?"

ಒಂದು ಸುಳ್ಳಿಗೆ ಧೈರ್ಯವಿತ್ತು, ಎರಡನೆಯದಕ್ಕೆ ಇರಲಿಲ್ಲ. "ಇಲ್ಲ" ಎಂದೆ. ಆಮೇಲೆ ಅಪ್ಪ ಹೇಳಬೇಕೆಂದಿದ್ದ ಮಾತನ್ನು ನಾನೇ ಹೇಳಿದೆ. "ನೀ ಹೇಳಿದ್ದು ಖರೇ ಇತ್ತು ಅಂತಿದ್ರು. ಕಾಗಿನೆಲಿ ಹುಡುಗಿಗೆ ಅಲ್ಲೇ ಲೆಕ್ಕ ಕೊಡ್ತಿದ್ರು. ನೀ ಬಂದ್ರ, ಕೈಯಾಗ ಬನ್ನಿ ಕೊಟ್ಟು ಹೇಳ್ತೇನಿ ಅಂತ ಇಟ್ಕೊಂಡಿದ್ರು."

ಅವನು ಹೊಸ್ತಿಲ ಮೇಲೆ ನಿಂತೇ ಇದ್ದ. ಘಾಟಿನ ಗಾಳಿ ಬೀಸುತ್ತಿತ್ತು. ಮೂವರ ಕಣ್ಣಲ್ಲೂ ನೀರಿತ್ತು, ಅದು ಘಾಟಿನದು ಎಂದು ಯಾರೂ ನಟಿಸಲಿಲ್ಲ.

ಆ ತಾಣ ಈಗ ಇಲ್ಲ. ಕೆಲವು ವರ್ಷಗಳ ಮೇಲೆ ಅದನ್ನು ಮುಚ್ಚಿದರು. ಅದರೊಂದಿಗೆ ಅಪ್ಪನ ಲೆಕ್ಕಗಳು, ಹುಡುಗಿಯ ಉತ್ತರಗಳು, ಹಾರ ಹಾಕಿಕೊಂಡ ಆ ಫೋಟೊ, ಎಲ್ಲ ಹೋದವು. ಯಂತ್ರವನ್ನು ಬೈಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕಾಗಿನೆಲೆಯ ಹುಡುಗಿ ಈಗ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ, ಅವಳಿಗೆ ದಾರಿ ತೆರೆದದ್ದು ಆ ತಾಣವೇ. ನಾನೂ ಹಾವೇರಿಯಲ್ಲಿ ನನ್ನ ಶಾಲೆಯ ಮಕ್ಕಳಿಗೆ ಮೊಬೈಲಿನಲ್ಲೇ ಪಾಠ ಕಳಿಸುತ್ತೇನೆ. ಆದರೆ ದಸರೆ ಬಂದಾಗ ಯಾರಾದರೂ ಎಲೆಯ ಚಿತ್ರ ಕಳಿಸಿದರೆ ಉತ್ತರ ಬರೆಯಲು ಕೈ ಏಳುವುದಿಲ್ಲ. ಕಳಿಸಿದವರು ನನ್ನನ್ನು ಗರ್ವಿಷ್ಠೆ ಎನ್ನುತ್ತಾರೆ, ಅನ್ನಲಿ. ನನಗೆ ಆ ಹೊಸ್ತಿಲು ನೆನಪಾಗುತ್ತದೆ.

ಅವತ್ತು ಅವನು ಮೆಟ್ಟಿದ ಚಪ್ಪಲಿಯನ್ನು ಮತ್ತೆ ಬಿಚ್ಚಿ ಒಳಗೆ ಬಂದ. ಅಪ್ಪನ ಫೋಟೊದ ಕಡೆ ಹೋಗಲಿಲ್ಲ. ಸೀದಾ ಅವ್ವನ ಹತ್ತಿರ ಹೋಗಿ, ಆ ಎಸಳುಗಳನ್ನೆಲ್ಲ ಅವಳ ಕೈಯಲ್ಲಿಟ್ಟು, ಕಾಲಿಗೆ ಬಿದ್ದ. ಹಬ್ಬವಲ್ಲ, ಹುಣ್ಣಿಮೆಯಲ್ಲ, ಮನೆಯಲ್ಲಿ ಇನ್ನೂ ಸೂತಕದ ವಾಸನೆ. ಅವ್ವ ತಬ್ಬಿಬ್ಬಾಗಿ ಮುಷ್ಟಿ ಬಿಗಿದಳು. ಆಮೇಲೆ ಒಂದು ಕೈ ಅವನ ತಲೆಯ ಮೇಲಿಟ್ಟು "ಬಂಗಾರದಂಗಿರಪಾ" ಎಂದಳು. ಇನ್ನೊಂದು ಕೈಯನ್ನು, ರೂಢಿಯಂತೆ ಎಲೆ ತಿರುಗಿ ಕೊಡಲು, ಅವನ ಮುಂದೆ ಬಿಚ್ಚಿದಳು. ಎಲೆಗಳು ಅವಳ ಮುಷ್ಟಿಯಲ್ಲೇ ಹುಡಿಯಾಗಿದ್ದವು. ಅವನಿಗೆ ಕೊಡಲು ಅದರಲ್ಲಿ ಒಂದೂ ಉಳಿದಿರಲಿಲ್ಲ.